ಕುಶಲಪ್ರಶ್ನೆ
(ಬಾನುಲಿ ಭಾಷಣ)



ಅಂಚೆಯ ಕಾರ್ಡು ಬರೆಯುತ್ತಿದ್ದ ಕಾಲದಲ್ಲಿ ನಮ್ಮ ಹಿರಿಯರು ಒಕ್ಕಣೆಯನ್ನು 'ಉಭಯಕುಶಲೋಪರಿ ಸಾಂಪ್ರತ' ಎಂದು ತೊಡಗಿಸುತ್ತಿದ್ದರು. ಇಲ್ಲಿ ನಾವು ಕುಶಲ, ಅಲ್ಲಿ ನೀವೂ ಕುಶಲವೆಂದು ನಂಬಿದ್ದೇವೆ, ಇನ್ನು ಸದ್ಯದ ವಿಷಯಕ್ಕೆ ಬರೋಣ ಎಂಬುದು ಅದರ ತಾತ್ಪರ್ಯ. ಮನೆಯಲ್ಲಿ ಮಗು ಜ್ವರದಿಂದ ನರಳುತ್ತಿರಲಿ, ಸಾಲ ಕೊಟ್ಟವನು ಬಾಗಿಲಲ್ಲಿ ಬಂದು ಕುಳಿತಿರಲಿ, ಕಾಗದದ ತಲೆಯಲ್ಲಿ ಮಾತ್ರ ಕುಶಲವೇ ಇರುತ್ತಿತ್ತು.

ಕುಶಲ ಎಂಬ ಮಾತಿಗೆ ಶಾಸ್ತ್ರಕಾರರು ಹೇಳುವ ವ್ಯುತ್ಪತ್ತಿ ಸ್ವಾರಸ್ಯವಾದುದು. ಕುಶವನ್ನು, ಎಂದರೆ ದರ್ಭೆಯನ್ನು, ತರುವವನು ಕುಶಲ. ದರ್ಭೆಯ ಅಂಚು ಹರಿತ. ಕೈ ಕೊಯ್ದುಕೊಳ್ಳದೆ ಅದನ್ನು ಕಿತ್ತು ತರಬೇಕಾದರೆ ಎಚ್ಚರ ಬೇಕು, ವಿವೇಕ ಬೇಕು. ಅದರಿಂದಾಗಿ ಬಲ್ಲವನಿಗೆ ಕುಶಲನೆಂಬ ಹೆಸರು ರೂಢಿಗೆ ಬಂದಿತು. ಮಮ್ಮಟನ 'ಕಾವ್ಯಪ್ರಕಾಶ'ದಲ್ಲಿ ಲಕ್ಷಣೆಯ ಪ್ರಸ್ತಾಪ ಬಂದಾಗ ಇದೇ ಮಾತು ಉದಾಹರಣೆಯಾಗಿ ಬರುತ್ತದೆ. ಮೂವತ್ತು ವರ್ಷಗಳಿಗೂ ಮೀರಿ ನಾನು ಇದನ್ನು ಎಂ.ಎ. ತರಗತಿಗಳಲ್ಲಿ ಹೇಳಿಕೊಟ್ಟೆ. ಮತ್ತೊಬ್ಬರ ಕುಶಲವನ್ನು ಕೇಳುವುದಕ್ಕೂ ಅಂಥದೊಂದು ಕೌಶಲ ಬೇಕೆಂಬ ಪಾಠ ನನಗೆ ಆದದ್ದು ಮಾತ್ರ 2020 ಮತ್ತು 2021ನೆಯ ಇಸವಿಗಳಲ್ಲಿ. ಆ ವಿಷಯವನ್ನು ತಮ್ಮೊಡನೆ ಹಂಚಿಕೊಳ್ಳಬೇಕೆಂದು ಬಂದಿದ್ದೇನೆ.

ನಮ್ಮದೊಂದು ನಿವೃತ್ತರ ಬಳಗ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ಊರುಗಳಲ್ಲಿ ಚದುರಿಕೊಂಡಿದ್ದ ಹನ್ನೊಂದು ಮಂದಿ. ಮೇಷ್ಟರುಗಳು ಹೆಚ್ಚು. ಅಂಚೆಯಿಂದ ಒಬ್ಬರು, ರೇಷ್ಮೆ ಇಲಾಖೆಯಿಂದ ಒಬ್ಬರು, ಕಂದಾಯದಿಂದ ಇಬ್ಬರು. ಬಳಗಕ್ಕೆ ಹೆಸರಿರಲಿಲ್ಲ, ಚಂದಾ ಇರಲಿಲ್ಲ, ಅಧ್ಯಕ್ಷರಿರಲಿಲ್ಲ. ಆದುದರಿಂದ ಜಗಳವೂ ಇರಲಿಲ್ಲ. ತಿಂಗಳಿಗೊಂದು ಭಾನುವಾರ ಸರದಿಯ ಮೇಲೆ ಒಬ್ಬರ ಮನೆಯಲ್ಲಿ ಸೇರುವುದು, ಉಪ್ಪಿಟ್ಟು ತಿಂದು ಕಾಫಿ ಕುಡಿಯುವುದು, ಯಾರಾದರೊಬ್ಬರು ಓದಿದ ಪುಸ್ತಕದ ಮಾತನಾಡುವುದು, ಉಳಿದವರು ಅದನ್ನು ಬಿಟ್ಟು ಬೇರೆಲ್ಲವನ್ನೂ ಮಾತನಾಡುವುದು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಒಂದೇ ರೈಲುದಾರಿಯ ಮೇಲಿವೆ. ಗೌರಿಬಿದನೂರಿನ ರೈಲು ಬೇರೆ. ಅಲ್ಲಿಗೆ ನಾವು ಮಂಚೇನಹಳ್ಳಿಯ ಮೇಲೆ ಬಸ್ಸು ಹಿಡಿದು ಹೋಗುತ್ತಿದ್ದೆವು. ಹೋದಾಗ ವಿದುರಾಶ್ವತ್ಥಕ್ಕೂ ಒಂದು ಸುತ್ತು ಹೋಗಿ, 1938ರ ಏಪ್ರಿಲ್ 25ರಂದು ಅಲ್ಲಿ ಗುಂಡಿಗೆ ಬಲಿಯಾದವರ ಸ್ಮಾರಕದ ಮುಂದೆ ನಿಂತು ಬರುವುದು ವಾಡಿಕೆಯಾಗಿತ್ತು.

2020ರ ಮಾರ್ಚ್ ತಿಂಗಳಲ್ಲಿ ಇದೆಲ್ಲ ನಿಂತಿತು. ಸೋಂಕು ನಮ್ಮ ಜಿಲ್ಲೆಗೆ ಬೇಗನೆ ಬಂದಿತು. ಗೌರಿಬಿದನೂರಿನಲ್ಲಿ ಆ ತಿಂಗಳಲ್ಲಿಯೇ ಕಾಣಿಸಿಕೊಂಡಿತು. ಮಾರ್ಚ್ 22ರ ಭಾನುವಾರ ಜನತಾ ಕರ್ಫ್ಯೂ. ಅಂದೇ ಸರ್ಕಾರ ರಾಜ್ಯದ ಒಂಬತ್ತು ಜಿಲ್ಲೆಗಳಲ್ಲಿ ನಿರ್ಬಂಧ ಹೇರಿತು, ಅವುಗಳಲ್ಲಿ ಚಿಕ್ಕಬಳ್ಳಾಪುರವೂ ಒಂದು. ಪ್ರಯಾಣಿಕರ ರೈಲುಗಳು ನಿಂತವು. 25ರಿಂದ ಇಡೀ ದೇಶವೇ ಬಾಗಿಲು ಹಾಕಿಕೊಂಡಿತು. ಗೌರಿಬಿದನೂರಿನ ನಮ್ಮ ಅಂಚೆಯ ಮಿತ್ರರ ಬೀದಿಗೆ ಎರಡು ಕಡೆಯೂ ಗಳು ಕಟ್ಟಿದರು. ನಲವತ್ತು ವರ್ಷ ಊರವರ ಕಾಗದಗಳನ್ನು ಮುಟ್ಟಿಸಿದವರಿಗೆ ಎದುರು ಮನೆಗೆ ಹೋಗುವ ದಾರಿಯಿಲ್ಲದಾಯಿತು.

ಇಂಥ ಕಾಲ ಹಿಂದೆಯೂ ಬಂದಿತ್ತು. ಪ್ಲೇಗು ಬಂದಾಗ ಊರೇ ಬರಿದಾಗಿ ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದುದನ್ನು, ಒಂದು ಗುಡಿಸಲಿನಿಂದ ಇನ್ನೊಂದಕ್ಕೆ ಕೂಗಿ ಯೋಗಕ್ಷೇಮ ಕೇಳುತ್ತಿದ್ದುದನ್ನು ನಮ್ಮ ಅಜ್ಜಿ ಹೇಳುತ್ತಿದ್ದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಹೊಕ್ಕಾಗ ಅದನ್ನು ತಡೆಯುವ ಕೆಲಸಕ್ಕೆ ಅನುಕೂಲವಾಗಲೆಂದು ಅಲ್ಲಿ ದೂರವಾಣಿಯ ತಂತಿಗಳನ್ನು ಎಳೆದರಂತೆ. ಮನುಷ್ಯ ಮನುಷ್ಯನನ್ನು ಮುಟ್ಟಲಾರದ ಹೊತ್ತಿನಲ್ಲಿ ಧ್ವನಿಯಾದರೂ ಮುಟ್ಟಲಿ ಎಂಬ ಹಂಬಲ ಹೊಸದೇನಲ್ಲ.

ನಮ್ಮಲ್ಲಿ ಹಲವರ ಬಳಿ ವಾಟ್ಸಾಪ್ ಇತ್ತು. ಆದರೆ ಅದರಲ್ಲಿ ಬರುತ್ತಿದ್ದುದು ಶುಭೋದಯದ ಹೂವುಗಳು ಮತ್ತು ಯಾರೋ ಕಳಿಸಿದ ಕಷಾಯದ ವಿಧಾನಗಳು. ಅದನ್ನು ಕಳುಹಿಸಿದವರು ಹೇಗಿದ್ದಾರೆಂಬುದು ಮಾತ್ರ ಅದರಿಂದ ತಿಳಿಯುತ್ತಿರಲಿಲ್ಲ. ಆಗ ದಾರಿ ತೋರಿದವರು ಚಿಂತಾಮಣಿಯ ನಮ್ಮ ಲೆಕ್ಕದ ಮೇಷ್ಟರು. "ಹನ್ನೊಂದು ಜನ ಒಬ್ಬೊಬ್ಬರೂ ಎಲ್ಲರೊಡನೆ ಮಾತನಾಡಬೇಕಾದರೆ ದಿನಕ್ಕೆ ಐವತ್ತೈದು ಫೋನು ಬೇಕಾಗುತ್ತೆ ಮೇಷ್ಟ್ರೇ. ಸರಪಳಿ ಮಾಡಿಕೊಂಡರೆ ಹನ್ನೊಂದೇ ಸಾಕು" ಎಂದರು. ಬೆಳಗ್ಗೆ ಏಳಕ್ಕೆ ನಾನು ಶಿಡ್ಲಘಟ್ಟಕ್ಕೆ ಮಾಡಬೇಕು, ಅವರು ಮುಂದಿನವರಿಗೆ, ಹೀಗೆ ನಾಲ್ಕೂ ಊರು ಸುತ್ತಿ ಒಂಬತ್ತರ ಹೊತ್ತಿಗೆ ಕೊನೆಯ ಕೊಂಡಿಯಾದ ಲೆಕ್ಕದ ಮೇಷ್ಟರು ನನಗೆ ಫೋನು ಮಾಡಬೇಕು. ಅವರ ಫೋನು ಬಂದಿತೆಂದರೆ ಹನ್ನೊಂದು ಮಂದಿಯೂ ಇದ್ದಾರೆಂದು ಅರ್ಥ. ಅವರು ಇದಕ್ಕಾಗಿ ಒಂದು ಹಾಜರಿ ಪುಸ್ತಕವನ್ನೂ ಇಟ್ಟರು. ಮೇಷ್ಟರುಗಳಿಗೆ ನಿವೃತ್ತಿಯಾದರೂ ಹಾಜರಿಗೆ ನಿವೃತ್ತಿಯಿಲ್ಲ ಎಂದು ನಾವು ನಕ್ಕೆವು.

ಆ ದಿನಗಳ ಮಾತುಗಳು ಒಂದೊಂದು ಊರಿನಿಂದ ಒಂದೊಂದು ಬಗೆ. ಚಿಂತಾಮಣಿಯಿಂದ ಟೊಮೊಟೊ ಕೇಳುವವರಿಲ್ಲವೆಂಬ ಸುದ್ದಿ. ಚಿಕ್ಕಬಳ್ಳಾಪುರದಿಂದ ದ್ರಾಕ್ಷಿಯ ಮತ್ತು ಹೂವಿನ ಬೆಳೆಗಾರರ ಸಂಕಟ. ಶಿಡ್ಲಘಟ್ಟದಿಂದ ಗೂಡಿನ ಮಾರುಕಟ್ಟೆಯ ವರ್ತಮಾನ. ನಮ್ಮ ಸೀಮೆಯಲ್ಲಿ ರೇಷ್ಮೆಹುಳು ಪೊರೆ ಬಿಡುವುದನ್ನು 'ಜ್ವರ' ಎನ್ನುತ್ತಾರೆ. ಗೂಡು ಕಟ್ಟುವ ಮೊದಲು ಹುಳು ನಾಲ್ಕು ಜ್ವರ ದಾಟಬೇಕು. ಒಂದು ಬೆಳಗ್ಗೆ ರೇಷ್ಮೆ ಇಲಾಖೆಯ ಮಿತ್ರರು ಹೇಳಿದರು: "ಹುಳು ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದು ಸಾರ್, ಮುಟ್ಟಲೂಬಾರದು. ಹಾಗಂತ ಬಾಗಿಲು ಹಾಕಿಕೊಂಡು ಹೋಗಿಬಿಡೋ ಹಾಗೂ ಇಲ್ಲ. ಮನೆ ತೇವ ಆಯಿತೇ, ಎಷ್ಟು ಹುಳು ಎದ್ದವು ಅಂತ ನೋಡ್ತಾನೇ ಇರಬೇಕು." ಆ ಮಾತನ್ನು ಅವರು ಹುಳುವಿನ ವಿಷಯವಾಗಿಯೇ ಹೇಳಿದರು. ನಾನು ನಮ್ಮೆಲ್ಲರ ವಿಷಯವಾಗಿ ಕೇಳಿಸಿಕೊಂಡೆ.

ನವೆಂಬರ್ ಬಂದಿತು. ಪಿಂಚಣಿದಾರರಾದ ನಾವು ಪ್ರತಿ ವರ್ಷ ಆ ತಿಂಗಳಲ್ಲಿ ಬದುಕಿದ್ದೇವೆಂದು ಪ್ರಮಾಣಪತ್ರ ಕೊಡಬೇಕು. ಆ ವರ್ಷ ಕೇಂದ್ರದ ಪಿಂಚಣಿದಾರರಿಗೆ ಅವಧಿಯನ್ನು ವಿಸ್ತರಿಸಿದರು. ಅಂಚೆಯಣ್ಣನೇ ಮನೆ ಬಾಗಿಲಿಗೆ ಯಂತ್ರ ತಂದು ಬೆರಳಚ್ಚು ಪಡೆಯುವ ಏರ್ಪಾಡೂ ಆಯಿತು. ನಮ್ಮ ಅಂಚೆಯ ಮಿತ್ರರು ಐದು ಬೆರಳುಗಳನ್ನು ಒತ್ತಿದ ಮೇಲೆ ಆರನೆಯದಕ್ಕೆ ಯಂತ್ರ ಒಪ್ಪಿತಂತೆ. ಮರುದಿನ ಸರಪಳಿಯಲ್ಲಿ ಅವರು ಹೇಳಿದರು: "ಸರ್ಕಾರ ವರ್ಷಕ್ಕೊಂದು ಸಲ ಕೇಳುತ್ತೆ, ನೀವು ದಿನಾ ಕೇಳ್ತೀರಿ. ನಿಮ್ಮ ಲೆಕ್ಕದಲ್ಲಿ ಸಾಯೋದು ಕಷ್ಟ ಕಣ್ರೀ." ಹನ್ನೊಂದು ಮನೆಗಳಲ್ಲಿಯೂ ಆ ದಿನ ನಗೆ ಸುತ್ತಿಬಂದಿತು.

ಹೀಗೆ ಒಂದು ವರ್ಷ ಕಳೆಯಿತು. 2021ರ ಮಾರ್ಚ್ 1ರಿಂದ ಅರವತ್ತು ದಾಟಿದವರಿಗೆ ಲಸಿಕೆ ಹಾಕತೊಡಗಿದರು. ಮುಂದಿನ ತಿಂಗಳು ಕೈವಾರದಲ್ಲಿ ಸೇರೋಣವೆಂದು ಮಾತಾಯಿತು. ಅಷ್ಟರಲ್ಲಿ ಎರಡನೆಯ ಅಲೆ ಬಂದಿತು. ಏಪ್ರಿಲ್ 27ರ ಸಂಜೆಯಿಂದ ರಾಜ್ಯದಲ್ಲಿ ಮತ್ತೆ ನಿರ್ಬಂಧ. ಈ ಸಲ ಸುದ್ದಿ ದೂರದ ಊರುಗಳಿಂದ ಬರಲಿಲ್ಲ. ಪಕ್ಕದ ಬೀದಿಯಿಂದ ಬಂದಿತು. ಆದರೂ ನಮ್ಮ ಸರಪಳಿ ತುಂಡಾಗಿರಲಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಲೆಕ್ಕದ ಮೇಷ್ಟರ ಫೋನು ತಪ್ಪದೆ ಬರುತ್ತಿತ್ತು. "ಹೇಗಿದ್ದೀರಿ?" ಎಂದು ನಾನು ಕೇಳುತ್ತಿದ್ದೆ. "ಚೆನ್ನಾಗಿದ್ದೇನೆ" ಎಂದು ಅವರು ಹೇಳುತ್ತಿದ್ದರು. ಮೇ ತಿಂಗಳ ಒಂದು ಬೆಳಗ್ಗೆ ಆ ಮಾತಿನ ನಡುವೆ ಒಂದು ಸಣ್ಣ ತಡೆ ಇತ್ತು. "ಚೆನ್ನಾಗಿ" ಎಂದು ನಿಂತು, ಉಸಿರು ತೆಗೆದುಕೊಂಡು, "ಇದ್ದೇನೆ" ಎಂದರು. ನನ್ನ ಕಿವಿಗೆ ಅದು ಬಿದ್ದಿತು. "ಏನು, ನೆಗಡಿಯೇ?" ಎಂದೆ. "ಸ್ವಲ್ಪ" ಎಂದರು. ಆಮೇಲೆ ನಾನು ನನ್ನ ಮಂಡಿನೋವಿನ ವಿಷಯ ತೆಗೆದೆ. ಮೂರು ಬೆಳಗ್ಗೆಯೂ ಹೀಗೆಯೇ ನಡೆಯಿತು. ನಾಲ್ಕನೆಯ ದಿನ ಒಂಬತ್ತಾಯಿತು, ಒಂಬತ್ತೂವರೆಯಾಯಿತು, ಫೋನು ಬರಲಿಲ್ಲ. ಅಂದು ಸಂಜೆ ಅವರನ್ನು ಆಸ್ಪತ್ರೆಗೆ ಸೇರಿಸಿದ ಸುದ್ದಿ ಬಂದಿತು. ಎರಡು ದಿನದಲ್ಲಿ ಹೋಗಿಬಿಟ್ಟರು. ನಮ್ಮಲ್ಲಿ ಒಬ್ಬರಿಗೂ ಹೆಗಲು ಕೊಡುವ ಭಾಗ್ಯವಿರಲಿಲ್ಲ.

ಶ್ರೋತೃಗಳೇ, ನಾನು ಜೀವನವೆಲ್ಲ ಪಾಠ ಹೇಳಿದ್ದು ಧ್ವನಿಸಿದ್ಧಾಂತವನ್ನು. ಕಾಶ್ಮೀರದ ಆನಂದವರ್ಧನ ಒಂಬತ್ತನೆಯ ಶತಮಾನದಲ್ಲಿ ಎತ್ತಿಹಿಡಿದ ತತ್ತ್ವವದು: ಮಾತಿನ ವಾಚ್ಯಾರ್ಥ ಒಂದಿರುತ್ತದೆ, ಅದು ಸೂಚಿಸುವ ಅರ್ಥ ಬೇರೊಂದಿರುತ್ತದೆ, ಸಹೃದಯನಾದವನು ಆ ಎರಡನೆಯದನ್ನು ಹಿಡಿಯುತ್ತಾನೆ. ತೀ.ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಮುಂದಿಟ್ಟುಕೊಂಡು ಈ ಸಹೃದಯನನ್ನು ನಾನು ಎಷ್ಟು ವಿದ್ಯಾರ್ಥಿಗಳಿಗೆ ವರ್ಣಿಸಿದ್ದೇನೆಯೋ ಲೆಕ್ಕವಿಲ್ಲ. ನನ್ನ ಮಿತ್ರ ಒಂದು ಮಾತಿನ ನಡುವೆ ಉಸಿರಿಗೆ ನಿಂತಾಗ ನಾನು ವಾಚ್ಯಾರ್ಥವನ್ನೇ ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು. ಈ ರೋಗದಲ್ಲಿ ರಕ್ತದ ಆಮ್ಲಜನಕ ಇಳಿದರೂ ರೋಗಿಗೆ ಕೆಲವೊಮ್ಮೆ ಅದರ ಅರಿವಾಗುವುದಿಲ್ಲವೆಂದು ವೈದ್ಯರು ಹೇಳುತ್ತಾರೆ. ಹಾಗಿದ್ದಿರಲೂಬಹುದು. ಒಂದು ದಿನ ಮುಂಚೆ ಕೇಳಿದ್ದರೆ ಅವರು ಉಳಿಯುತ್ತಿದ್ದರೆಂದು ನಾನು ಹೇಳಲಾರೆ. ಕೇಳಲಿಲ್ಲ ಎಂಬುದನ್ನು ಮಾತ್ರ ಹೇಳಬಲ್ಲೆ.

ಹದಿನೈದು ದಿನ ನಮ್ಮ ಸರಪಳಿ ನಿಂತುಹೋಯಿತು. ಯಾರಿಗೂ ಮೊದಲು ಫೋನು ಮಾಡುವ ಧೈರ್ಯವಿರಲಿಲ್ಲ. ಒಂದು ಬೆಳಗ್ಗೆ ಸರಿಯಾಗಿ ಒಂಬತ್ತಕ್ಕೆ ಅವರ ಸಂಖ್ಯೆಯಿಂದಲೇ ಕರೆ ಬಂದಿತು. ನನ್ನ ಕೈ ನಡುಗಿತು. ಮಾತನಾಡಿದವರು ಅವರ ಶ್ರೀಮತಿ. ಅದುವರೆಗೆ ಆ ತಾಯಿ ನಮ್ಮೊಡನೆ ಫೋನಿನಲ್ಲಿ ಆಡಿದ್ದು "ಅವರು ಹೊರಗೆ ಹೋಗಿದ್ದಾರೆ" ಎಂಬ ಒಂದು ಮಾತು ಮಾತ್ರ.

"ಸಾರ್, ಇವರ ಪುಸ್ತಕ ನೋಡಿದೆ. ಒಂಬತ್ತಕ್ಕೆ ನಿಮಗೆ ಫೋನು ಮಾಡೋದು ಈ ಮನೆಯ ಸರದಿ ಅಂತ ಬರೆದಿದೆ. ಅದಕ್ಕೇ ಮಾಡಿದೆ."

ಆ ಪುಸ್ತಕದಲ್ಲಿ ಏನಿದೆಯೆಂದು ಅವರು ಓದಿ ಹೇಳಿದರು. ಎಲ್ಲರ ಹೆಸರಿನ ಮುಂದೆಯೂ ದಿನದಿನದ ಸರಿ ಗುರುತು. ಕೊನೆಯ ಮೂರು ದಿನಗಳಲ್ಲಿ ಹತ್ತು ಹೆಸರುಗಳಿಗೆ ಗುರುತು ಇದೆ. ತಮ್ಮ ಹೆಸರಿನ ಮುಂದಿನ ಮನೆಗಳನ್ನು ಮಾತ್ರ ಖಾಲಿ ಬಿಟ್ಟಿದ್ದಾರೆ. ನಮ್ಮ ಮನಸ್ಸು ನೋಯಬಾರದೆಂದು ಬಾಯಲ್ಲಿ ಚೆನ್ನಾಗಿದ್ದೇನೆ ಎಂದವರು ಲೆಕ್ಕದ ಪುಸ್ತಕದಲ್ಲಿ ಸುಳ್ಳು ಬರೆಯಲಾರದೆ ಹೋದರು.

ಎಷ್ಟೋ ಹೊತ್ತು ನನಗೆ ಮಾತೇ ಬರಲಿಲ್ಲ. ಹೇಗಿದ್ದೀರಮ್ಮ ಎಂಬ ಪ್ರಶ್ನೆ ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, "ಬೆಳಗ್ಗೆ ಏನು ತಿಂದಿರಿ ತಾಯಿ?" ಎಂದು ಕೇಳಿದೆ. ಸ್ವಲ್ಪ ಸುಮ್ಮನಿದ್ದು ಹೇಳಿದರು: "ನಿನ್ನೆಯಿಂದ ಒಲೆ ಹಚ್ಚಿಲ್ಲ ಸಾರ್." ಚಿಂತಾಮಣಿಯಲ್ಲೇ ಇದ್ದ ನಮ್ಮ ಇನ್ನೊಬ್ಬ ಮಿತ್ರರು ಅರ್ಧ ಗಂಟೆಯೊಳಗೆ ಒಂದು ಕ್ಯಾರಿಯರ್ ಊಟ ತಂದು ಅವರ ಗೇಟಿಗೆ ತೂಗುಹಾಕಿ ಬಂದರು. ಮರುದಿನದಿಂದ ಸರಪಳಿ ಮತ್ತೆ ಆರಂಭವಾಯಿತು. ಕೊನೆಯ ಕೊಂಡಿ ಚಿಂತಾಮಣಿಯ ಆ ಮನೆಯೇ.

ಅಂದಿನಿಂದ ನಮ್ಮ ಕುಶಲಪ್ರಶ್ನೆಯ ರೀತಿ ಬದಲಾಯಿತು. ಹೇಗಿದ್ದೀರಿ ಎಂಬ ಮಾತನ್ನು ಕೈಬಿಟ್ಟೆವು. ಆ ಪ್ರಶ್ನೆಯ ಹೊಟ್ಟೆಯಲ್ಲಿಯೇ ಅದರ ಉತ್ತರ ಇರುತ್ತದೆ. ರಾತ್ರಿ ಎಷ್ಟು ಸಲ ಎದ್ದಿರಿ, ಮಾತ್ರೆ ಇನ್ನೆಷ್ಟು ದಿನಕ್ಕಿದೆ, ಆಕ್ಸಿಮೀಟರ್ ಎಷ್ಟು ತೋರಿಸಿತು, ಮಗ ಫೋನು ಮಾಡಿ ಎಷ್ಟು ದಿನವಾಯಿತು ಎಂದು ಕೇಳತೊಡಗಿದೆವು. ಈ ಕೊನೆಯದು ಎಲ್ಲಕ್ಕಿಂತ ಹರಿತವಾದ ದರ್ಭೆ. ಅದನ್ನು ಕೇಳಿ, ಬಂದ ಉತ್ತರವನ್ನು ಕೈಗೆ ಗಾಯವಾಗದ ಹಾಗೆ ಎತ್ತಿಕೊಳ್ಳುವುದಕ್ಕೆ ನಾವು ಇನ್ನೂ ಕಲಿಯುತ್ತಿದ್ದೇವೆ.

ಒಂಟಿತನ ಈಗ ಸರ್ಕಾರಗಳನ್ನೂ ಚಿಂತೆಗೆ ಹಚ್ಚಿದೆ. ಬ್ರಿಟನ್ 2018ರಲ್ಲಿ, ಜಪಾನ್ 2021ರಲ್ಲಿ ಅದರ ನಿವಾರಣೆಗೆಂದು ಮಂತ್ರಿಗಳನ್ನೇ ನೇಮಿಸಿದವು. ನಮ್ಮ ದೇಶದಲ್ಲಿಯೂ 2021ರ ಅಕ್ಟೋಬರ್ 1ರಂದು ಹಿರಿಯರಿಗಾಗಿ ರಾಷ್ಟ್ರೀಯ ಸಹಾಯವಾಣಿಯೊಂದು ಬಂದಿತು. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ದಿನವೂ ಕೇಳಿದ ಧ್ವನಿಯಲ್ಲಿ ಇಂದು ಬಂದ ಒಂದು ಸಣ್ಣ ತಡೆಯನ್ನು ಗುರುತಿಸಬಲ್ಲವರು, ನಿನ್ನೆಯೂ ಆ ಧ್ವನಿಯನ್ನು ಕೇಳಿದ್ದವರು ಮಾತ್ರ. ಆ ಕೆಲಸ ಸ್ನೇಹಿತರ ಪಾಲಿಗೇ ಉಳಿಯುತ್ತದೆ.

ಈಗ ರೈಲು ಓಡುತ್ತಿದೆ, ಬಸ್ಸೂ ಓಡುತ್ತಿದೆ. ತಿಂಗಳಿಗೊಮ್ಮೆ ಸೇರುವುದೂ ಮೊದಲಿನಂತೆ ನಡೆದಿದೆ. ಆದರೂ ಬೆಳಗಿನ ಸರಪಳಿಯನ್ನು ನಾವು ಬಿಟ್ಟಿಲ್ಲ. ಹಾಜರಿ ಪುಸ್ತಕ ಆ ತಾಯಿಯ ಬಳಿಯಲ್ಲಿದೆ. ಅದು ಮುಗಿದು ಎರಡನೆಯ ಪುಸ್ತಕ ನಡೆಯುತ್ತಿದೆ. ಮೊದಲನೆಯದನ್ನು ಅವರು ಯಾರಿಗೂ ಕೊಡುವುದಿಲ್ಲ, ನಾವೂ ಕೇಳುವುದಿಲ್ಲ.

ತಮಗೂ ಒಬ್ಬ ಹಳೆಯ ಸ್ನೇಹಿತರಿರಬಹುದು, ಎಂದೋ ಕಲಿಸಿದ ಮೇಷ್ಟರಿರಬಹುದು. ನಾಳೆ ಬೆಳಗ್ಗೆ ಅವರಿಗೊಂದು ಫೋನು ಮಾಡಿ. ಏನು ತಿಂದಿರಿ ಎಂದು ಕೇಳಿ. ಕೇಳಿದ ಮೇಲೆ, ಉತ್ತರ ಬರುವವರೆಗೆ ಸ್ವಲ್ಪ ಕಾಯಿರಿ.