ಹೈಫಾದ ಸವಾರರನ್ನು ರಂಗಕ್ಕೆ ತರೋಣ

ನನ್ನ ಮಾತು ಹೆಚ್ಚಾಗಿ ಇಲ್ಲಿ ಬಂದಿರುವ ತರುಣ ತರುಣಿಯರಿಗೆ.

ದಂಡಿನ ಹೆಸರನ್ನೇ ಹೊತ್ತ ಬಡಾವಣೆ ಮೈಸೂರಿನ ನಮ್ಮ ಲಷ್ಕರ್ ಮೊಹಲ್ಲಾ. ಮೈಸೂರು ಲ್ಯಾನ್ಸರ್ಸ್ ಕಥೆಯನ್ನು ನಾಟಕವಾಗಿ ಆಡಲು ಇದಕ್ಕಿಂತ ತಕ್ಕ ಜಾಗ ನನಗೆ ಕಾಣುವುದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1914ರ ಮಹಾಯುದ್ಧ ಶುರುವಾದಾಗ, ನಮ್ಮ ಸಂಸ್ಥಾನದ ಈ ಕುದುರೆ ದಂಡು ಬ್ರಿಟಿಷರ ಪರವಾಗಿ ಈಜಿಪ್ಟಿಗೆ ಹೊರಟಿತು. ಸೂಯೆಜ್ ಕಾಲುವೆಯ ಕಾವಲಿನಿಂದ ಆರಂಭಿಸಿ ಪ್ಯಾಲೆಸ್ಟೀನಿನವರೆಗೆ ನಾಲ್ಕು ವರ್ಷ ಅವರು ಮರಳುಗಾಡಿನಲ್ಲೇ ಕಳೆದರು.

1918ರ ಸೆಪ್ಟೆಂಬರ್ 23. ಹೈಫಾ ಬಂದರಿಗೆ ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ನದಿ. ಬೆಟ್ಟದ ಮೇಲೆ ತುರ್ಕಿ ಸೇನೆಯ ಫಿರಂಗಿಗಳು. ಮೈಸೂರಿನ ಒಂದು ತುಕಡಿ ಕಡಿದಾದ ದಾರಿಯಲ್ಲಿ ಬೆಟ್ಟ ಹತ್ತಿತು. ಕೆಳಗೆ ಜೋಧಪುರದ ಸವಾರರು ನದಿಯ ಕಡೆಗೆ ನುಗ್ಗಿದರು. ದಡದಲ್ಲಿ ಕುದುರೆಗಳು ಹೂತುಹೋಗತೊಡಗಿದಾಗ ಎಡಕ್ಕೆ ಹೊರಳಿ ಬಂದೂಕುಗಳಿಗೆ ಎದುರಾಗಿಯೇ ಊರಿನತ್ತ ಧಾವಿಸಿದರು. ಅವರ ಮೇಜರ್ ದಳಪತ್ ಸಿಂಗ್ ಅಲ್ಲೇ ಮಡಿದರು. ಸಂಜೆಯೊಳಗೆ ಊರು ಕೈವಶವಾಯಿತು. 1,350 ಮಂದಿ ಸೆರೆಸಿಕ್ಕರು, 17 ಫಿರಂಗಿಗಳು ದೊರೆತವು. ನಮ್ಮ ಕಡೆ ಸತ್ತವರು 8 ಜನ, ಗಾಯಗೊಂಡವರು 34. ಸತ್ತ ಕುದುರೆಗಳು 60.

ಇವರ ನೆನಪಿಗೆ ದೆಹಲಿಯ ತೀನ್ ಮೂರ್ತಿಯಲ್ಲಿ ಹೈದರಾಬಾದ್, ಜೋಧಪುರ, ಮೈಸೂರು ದಳಗಳ ಹೆಸರಿನಲ್ಲಿ ಮೂರು ಪ್ರತಿಮೆಗಳಿವೆ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಸ್ಮಾರಕವಿದೆ. ಕಲ್ಲಿಗೆ ನಾನು ಕೈಮುಗಿಯುತ್ತೇನೆ. ಆದರೆ ಕನ್ನಡದ ಜನ ಯುದ್ಧವನ್ನು ನೆನಪಿಟ್ಟುಕೊಂಡದ್ದು ಹೆಚ್ಚಾಗಿ ಹಾಡಿ, ಆಡಿ. ಮುಧೋಳದ ಹತ್ತಿರದ ಹಲಗಲಿಯನ್ನು ನೋಡಿ. 1857ರಲ್ಲಿ ಹತಾರ ಕೊಡುವುದಿಲ್ಲವೆಂದು ಬೇಡರು ಎದ್ದುನಿಂತರು. ಇಂಗ್ಲಿಷರು ಊರಿಗೆ ಬೆಂಕಿ ಇಟ್ಟರು. ಆ ಊರಿನ ನೋವನ್ನು ಉಳಿಸಿದ್ದು ಲಾವಣಿ. ಅದನ್ನು ಅಚ್ಚು ಹಾಕಿಸಿದವರು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ. ಹತ್ತನೇ ತರಗತಿಯ ಪಠ್ಯದಲ್ಲಿ ಅದನ್ನು ಓದಿದ ಮಕ್ಕಳಿಗೆ ಜಡಗ, ಬಾಲ ಎಂಬ ಹೆಸರುಗಳು ಇಂದಿಗೂ ಬಾಯಿಗೆ ಬರುತ್ತವೆ.

ಹೈಫಾ ಅಷ್ಟು ಸರಳವಲ್ಲ. ಹಲಗಲಿಯವರು ತಮ್ಮ ಊರಿಗಾಗಿ ಹೋರಾಡಿದರು. ನಮ್ಮ ಸವಾರರು ಪರರ ಸಾಮ್ರಾಜ್ಯಕ್ಕಾಗಿ. ಅವರಲ್ಲಿ ಮುಸಲ್ಮಾನರೂ ಇದ್ದರು, ಎದುರಿಗಿದ್ದದ್ದು ಅವರ ಖಲೀಫರೂ ಆಗಿದ್ದ ತುರ್ಕಿ ಸುಲ್ತಾನರ ಸೇನೆ. ರಾತ್ರಿ ಡೇರೆಯಲ್ಲಿ ಅಂಥ ಒಬ್ಬ ಸವಾರ ಪಕ್ಕದವನೊಡನೆ ಏನು ಮಾತಾಡಿರಬಹುದು? ಭಾಷಣದಲ್ಲಿ ಈ ಪ್ರಶ್ನೆ ಕೇಳಿ ಮುಂದೆ ಹೋಗಬಹುದು. ಪಾತ್ರ ಮಾಡುವ ಹುಡುಗ ಮಾತ್ರ ಉತ್ತರ ಹುಡುಕಲೇಬೇಕು, ಯಾಕೆಂದರೆ ಮರುಕ್ಷಣ ಅವನು ಬಾಯಿ ತೆರೆಯಬೇಕು. ನಾಟಕದ ಮೇಲೆ ನನಗಿರುವ ನಂಬಿಕೆಯ ಮೂಲ ಇದು. ಬರೀ ಜಯಘೋಷದ ನಾಟಕ ದಯವಿಟ್ಟು ಬೇಡ. ತುರ್ಕಿಯ ಸೈನಿಕನಿಗೂ ಒಂದು ದೃಶ್ಯ ಕೊಡಿ. ಊರಲ್ಲಿ ಪತ್ರಕ್ಕಾಗಿ ಕಾದವಳಿಗೆ ಎರಡು ಕೊಡಿ.

ಕುದುರೆಗಳನ್ನು ತರುವುದು ಹೇಗೆ ಎನ್ನುತ್ತೀರಾ? ನಮ್ಮ ಜಾತ್ರೆ ಮೆರವಣಿಗೆಗಳ ಕೀಲುಕುದುರೆ ಇದೆಯಲ್ಲ! ಬಿದಿರು, ಬಟ್ಟೆಗಳ ಆ ಕುದುರೆ ಕುಣಿದು, ನಡುವೆ ಕುಸಿದರೆ, ಯಾವ ಪರದೆಯ ಚಿತ್ರವೂ ಅದಕ್ಕೆ ಸಮನಾಗದು. ರಂಗಸಜ್ಜಿಕೆಗೆ ದುಡ್ಡು ಸುರಿಯಬೇಕಿಲ್ಲ. ಅಭಿನಯ ಕಲಿಯಲು ದೂರ ಹೋಗಬೇಕಿಲ್ಲ. 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಶುರುವಾದ ರಂಗಾಯಣ ಈ ಊರಲ್ಲೇ ಇದೆ. ಅದರ ಚಿಣ್ಣರ ಮೇಳದಲ್ಲಿ ಬೇಸಿಗೆ ಕಳೆದವರು ನಿಮ್ಮಲ್ಲೇ ಕೆಲವರಿರಬಹುದು. ಕುದುರೆಯ ನಡಿಗೆ ನೋಡಬೇಕೆಂದರೆ ದಸರಾದ ಅಶ್ವಾರೋಹಿ ಪೊಲೀಸರನ್ನು ಗಮನಿಸಿ. 1951ರಲ್ಲಿ ಕಟ್ಟಿದ ಆ ದಳಕ್ಕೂ ಹಳೆಯ ಸಂಸ್ಥಾನದ ಕುದುರೆ ದಂಡಿಗೂ ನಂಟಿದೆ.

ಹಿರಿಯರಲ್ಲಿ ನನ್ನ ಬೇಡಿಕೆ ಇಷ್ಟೇ. ಟ್ರಂಕಿನ ತಳದಲ್ಲಿ ತಾತನ ಪದಕ, ಪಿಂಚಣಿ ಕಾಗದ, ಒಂದು ಫೋಟೊ ಇದ್ದರೆ ಈ ಮಕ್ಕಳಿಗೆ ತೋರಿಸಿ. ಕೇಳಿದ ಕಥೆಗಳನ್ನು ಹೇಳಿ. ಮಕ್ಕಳೇ, ಬರೆದುಕೊಳ್ಳಿ, ಮಾತು ಕಟ್ಟಿ, ಬೀದಿಯಲ್ಲೇ ಅಭ್ಯಾಸ ಆರಂಭಿಸಿ. ಬರುವ ಸೆಪ್ಟೆಂಬರ್ 23ರಂದು ಇದೇ ಮೊಹಲ್ಲಾದಲ್ಲಿ ಆಡಿ ತೋರಿಸಿ.