ಎಷ್ಟು ಪಟ್ಟು ಎಂದು ಕೇಳುವ ಮೊದಲು



ಕಪ್ಪುಕುಳಿಯ ಬಗ್ಗೆಯೋ ವಿಶ್ವದ ಹುಟ್ಟಿನ ಬಗ್ಗೆಯೋ ಮಾತಾಡಿ ಎಂದಿದ್ದರೆ ಆಶಯ ಭಾಷಣಕ್ಕೆ ಒಂದು ಗಾಂಭೀರ್ಯ ತಾನಾಗಿ ಬರುತ್ತಿತ್ತು. ಸಂಘಟಕರು ನನಗೆ ಕೊಟ್ಟಿರುವುದು ಐಪೀಸ್ ಮತ್ತು ಫಿಲ್ಟರ್. ಎರಡೂ ಅಂಗೈಯಲ್ಲಿ ಅಡಗುವಂಥವು. ಆದರೆ ಹೊಸದಾಗಿ ದೂರದರ್ಶಕ ಕೊಂಡವರ ಹುಮ್ಮಸ್ಸು ಬತ್ತುವುದು ಬಹುಪಾಲು ಇಲ್ಲಿಯೇ. ಕನ್ನಡಿ ಚೆನ್ನಾಗಿರುತ್ತದೆ, ಆಕಾಶವೂ ತಿಳಿಯಾಗಿರುತ್ತದೆ, ಕಣ್ಣಿಗೆ ತಾಗುವ ಕೊನೆಯ ಗಾಜು ಕೈಕೊಡುತ್ತದೆ.

ಅಂಗಡಿಯಲ್ಲಿ ಎಲ್ಲರೂ ಕೇಳುವುದು "ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತೆ?" ಎಂದು. ಪೆಟ್ಟಿಗೆಯ ಮೇಲೂ ಐನೂರು, ಆರುನೂರು ಎಂಬ ದಪ್ಪಕ್ಷರ. ಲೆಕ್ಕವೇನೋ ಸರಿಯೇ. ದೂರದರ್ಶಕದ ಸಂಗಮ ದೂರವನ್ನು ಐಪೀಸಿನ ಸಂಗಮ ದೂರದಿಂದ ಭಾಗಿಸಿದರೆ ವರ್ಧನೆ ಸಿಗುತ್ತದೆ. 8 ಇಂಚಿನ ಕನ್ನಡಿಯ, 1200 ಮಿ.ಮೀ. ಸಂಗಮ ದೂರದ ಡಾಬ್ಸೋನಿಯನ್ ದೂರದರ್ಶಕಕ್ಕೆ 25 ಮಿ.ಮೀ. ಐಪೀಸ್ ಹಾಕಿದರೆ 48 ಪಟ್ಟು, 6 ಮಿ.ಮೀ. ಹಾಕಿದರೆ 200. ಹುಡುಕಿ 2 ಮಿ.ಮೀ. ತಂದರೆ 600 ಪಟ್ಟೂ ಆದೀತು, ನೋಡಲು ಮಾತ್ರ ಏನೂ ಉಳಿಯದು. ಕನ್ನಡಿ ಹಿಡಿದ ಬೆಳಕು ಇದ್ದಷ್ಟೇ. ವರ್ಧನೆ ಏರಿಸುವುದೆಂದರೆ ಒಂದೇ ಲೋಟ ಹಾಲಿಗೆ ನೀರು ಬೆರೆಸುತ್ತ ಹೋಗುವುದು. ತಲೆಯ ಮೇಲಿನ ಗಾಳಿಯ ತಳಮಳವೂ ಅದರ ಜೊತೆಗೇ ಹಿಗ್ಗುತ್ತದೆ.

ಹಾಗಾಗಿ ಈ ವಿಚಾರ ಸಂಕಿರಣ ಎಕ್ಸಿಟ್ ಪ್ಯುಪಿಲ್‌ನಿಂದ ಶುರುವಾಗಲಿ ಎಂಬುದು ನನ್ನ ಆಸೆ. ಐಪೀಸಿನಿಂದ ಹೊರಟು ಕಣ್ಣನ್ನು ಹೊಗುವ ಬೆಳಕಿನ ಕೋಲಿನ ದಪ್ಪ ಅದು. ಐಪೀಸಿನ ಸಂಗಮ ದೂರವನ್ನು ದೂರದರ್ಶಕದ ಎಫ್ ಸಂಖ್ಯೆಯಿಂದ, ಅಂದರೆ ಅದರ ಸಂಗಮ ದೂರ ಕನ್ನಡಿಯ ವ್ಯಾಸದ ಎಷ್ಟು ಪಟ್ಟೋ ಅದರಿಂದ, ಭಾಗಿಸಿ, ಬಂತು. ನಮ್ಮ ಡಾಬ್ಸೋನಿಯನ್ ಎಫ್/6. ಅದರಲ್ಲಿ 25 ಮಿ.ಮೀ. ಐಪೀಸ್ ನಾಲ್ಕು ಮಿ.ಮೀ. ದಪ್ಪದ ಕೋಲು ಕೊಡುತ್ತದೆ. ಮಸುಕು ನೀಹಾರಿಕೆಗಳಿಗೆ ಅದು ಬೇಕು. 6 ಮಿ.ಮೀ. ಐಪೀಸ್ ಕೊಡುವುದು ಒಂದೇ ಮಿ.ಮೀ.; ಗ್ರಹಗಳಿಗೆ ಅಷ್ಟು ಸಾಕು. ಅರ್ಧ ಮಿ.ಮೀ.ಗಿಂತ ಕೆಳಗಿಳಿದರೆ ನಿಮ್ಮ ಕಣ್ಣೊಳಗಿನ ತೇಲುಕಸವೇ ಶನಿಯ ಮುಂದೆ ಈಜಾಡುತ್ತದೆ. ಮೇಲಕ್ಕೂ ಮಿತಿಯುಂಟು. ಕತ್ತಲಲ್ಲಿ ಹರೆಯದ ಕಣ್ಣಪಾಪೆ 7 ಮಿ.ಮೀ. ತನಕ ಅರಳಬಹುದು, ನನ್ನ ವಯಸ್ಸಿನವರದು ಅಷ್ಟು ಅರಳದು. 40 ಮಿ.ಮೀ. ಐಪೀಸಿನ ಬೆಳಕು ನಮ್ಮ ಪಾಪೆಯ ಹೊರಗೇ ಚೆಲ್ಲಿಹೋಗುತ್ತದೆ.

ಇನ್ನು ಮಕ್ಕಳು ಆಕಾಶ ನೋಡಲು ಸಾಲುಗಟ್ಟುವ ಶಾಲೆಯ ಅಂಗಳಕ್ಕೆ ಬನ್ನಿ. ದೂರದರ್ಶಕದ ಜೊತೆ ಬರುವುದು ಸಾಮಾನ್ಯವಾಗಿ ಪ್ಲೋಸ್ಲ್ ಐಪೀಸ್. ವಿಯೆನ್ನಾದ ಗೇಯಾರ್ಗ್ ಸೈಮನ್ ಪ್ಲೋಸ್ಲ್ 1860ರಲ್ಲಿ ರೂಪಿಸಿದ ಮಾದರಿ ಇಂದಿಗೂ ಸವೆದಿಲ್ಲ. ಆದರೆ 6 ಮಿ.ಮೀ. ಪ್ಲೋಸ್ಲ್‌ನಲ್ಲಿ ನೋಡಲು ಕಣ್ಣನ್ನು ಗಾಜಿಗೆ ನಾಲ್ಕೈದು ಮಿ.ಮೀ. ಹತ್ತಿರಕ್ಕೆ ಒಯ್ಯಬೇಕು. ಕನ್ನಡಕದವರಿಗೆ ಸಾಧ್ಯವೇ ಇಲ್ಲ. ಮಕ್ಕಳ ರೆಪ್ಪೆ ಗಾಜಿಗೆ ಒರೆಸಿಕೊಳ್ಳುತ್ತದೆ. ಸಾಲಿನ ಮೊದಲ ಹತ್ತು ಮಂದಿ ದಾಟುವಷ್ಟರಲ್ಲಿ ಕಾಡಿಗೆ, ಎಣ್ಣೆ, ಬೆವರು ಸೇರಿ ಶನಿಗೆ ಇನ್ನೊಂದು ಬಳೆ ಮೂಡಿರುತ್ತದೆ. ಜೊತೆಗೆ ಭೂಮಿ ತಿರುಗುತ್ತಿದೆಯಲ್ಲ! 200 ಪಟ್ಟಿನಲ್ಲಿ, 50 ಡಿಗ್ರಿ ನೋಟದ ಐಪೀಸಿನಲ್ಲಿ, ಗ್ರಹ ಒಂದಂಚಿನಿಂದ ಇನ್ನೊಂದಂಚಿಗೆ ಜಾರಲು ಸುಮಾರು ಒಂದು ನಿಮಿಷ ಸಾಕು. 82 ಡಿಗ್ರಿಯ ಐಪೀಸಿದ್ದರೆ ಒಂದೂವರೆ ನಿಮಿಷಕ್ಕೂ ಮಿಕ್ಕಿ ಉಳಿಯುತ್ತದೆ. ಈ ಅಗಲ ನೋಟವನ್ನು ಹವ್ಯಾಸಿಗಳ ಕೈಗಿತ್ತ ಆಲ್ ನ್ಯಾಗ್ಲರ್, ಅದಕ್ಕೆ ಮೊದಲು ಅಪೋಲೊ ಗಗನಯಾತ್ರಿಗಳು ಚಂದ್ರನ ಮೇಲೆ ಇಳಿಯಲು ತರಬೇತಿ ಪಡೆದ ಸಿಮ್ಯುಲೇಟರಿಗೆ ದೃಶ್ಯ ವ್ಯವಸ್ಥೆ ರೂಪಿಸಿದ್ದವರು. ಬೆಲೆ ಜಾಸ್ತಿ, ಒಪ್ಪುತ್ತೇನೆ. ಆದರೂ ಶಾಲೆಗೆ ನಾಲ್ಕು ಅಗ್ಗದ ಐಪೀಸ್‌ಗಳ ಬದಲು ಕಣ್ಣಿಗೆ ಆರಾಮದ ಎರಡನ್ನು ಕೊಳ್ಳಿ ಎಂದೇ ನಾನು ವಾದಿಸುವುದು.

ಫಿಲ್ಟರಿನ ವಿಷಯದಲ್ಲಿ ಭ್ರಮೆ ಇನ್ನೂ ಹೆಚ್ಚು. ಫಿಲ್ಟರ್ ಬೆಳಕನ್ನು ಕೂಡಿಸುವುದಿಲ್ಲ, ಕಳೆಯುತ್ತದೆ. ಏನನ್ನು ಕಳೆಯುತ್ತದೆ ಎಂಬುದೇ ಲೆಕ್ಕ. ಆಕ್ಸಿಜನ್-3 ಫಿಲ್ಟರನ್ನೇ ನೋಡಿ: 495.9 ಮತ್ತು 500.7 ನ್ಯಾನೋಮೀಟರಿನ ಎರಡು ಹಸಿರು ರೇಖೆಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ತಡೆಯುತ್ತದೆ. ಮಳೆ ಹಿಂದೆ ಸರಿದ ಮೇಲೆ ರಾಜಹಂಸ ಪುಂಜದ ವೇಲ್ ನೀಹಾರಿಕೆಗೆ ಬರಿ ಐಪೀಸ್ ಹಿಡಿದರೆ ಕಾಣುವುದು ನಕ್ಷತ್ರಗಳೇ. ಫಿಲ್ಟರ್ ತಿರುಗಿಸಿ ಕೂರಿಸಿ, ನಕ್ಷತ್ರಗಳು ಮಂಕಾಗಿ ಅವುಗಳ ನಡುವೆ ಹೊಗೆಯ ಎಳೆಗಳು ಹೆಣೆದುಕೊಳ್ಳುತ್ತವೆ. ಅದೇ ಫಿಲ್ಟರನ್ನು ಆಂಡ್ರೊಮಿಡಾ ಗೆಲಾಕ್ಸಿಗೆ ಹಾಕಿದರೆ ನಷ್ಟವೇ, ಏಕೆಂದರೆ ಅದು ನಕ್ಷತ್ರಗಳ ಬೆಳಕು, ಎಲ್ಲ ಬಣ್ಣಗಳಲ್ಲೂ ಹರಡಿರುವಂಥದು. ಬೆಂಗಳೂರಿನ ದಕ್ಷಿಣ ದಿಗಂತದ ಮೇಲೆ 30 ಡಿಗ್ರಿ ಎತ್ತರಕ್ಕೆ ಬರುವ ಒಮೇಗಾ ಸೆಂಟಾರಿ ಗುಚ್ಛಕ್ಕೂ ಫಿಲ್ಟರ್ ಬೇಡ. ಉತ್ತರ ಯುರೋಪಿನವರಿಗೆ ಅದು ದಿಗಂತದ ಮೇಲೆ ಬರುವುದೇ ಇಲ್ಲ. ಅವರ ಕೈಪಿಡಿಗಳನ್ನು ಹಾಗೇ ನಂಬಿ ಐಪೀಸ್ ಪಟ್ಟಿ ಮಾಡುವವರು ಇದನ್ನು ನೆನಪಿಡಬೇಕು.

ನಗರದ ಬೆಳಕನ್ನು ಸೋಸುತ್ತೇವೆ ಎಂದು ಮಾರುವ ಫಿಲ್ಟರುಗಳ ಕಾಲ ಬಹುಮಟ್ಟಿಗೆ ಮುಗಿದಿದೆ. ಸೋಡಿಯಂ, ಮರ್ಕ್ಯುರಿ ದೀಪಗಳು ಕೆಲವೇ ಬಣ್ಣಗಳಲ್ಲಿ ಹೆಚ್ಚಾಗಿ ಬೆಳಗುತ್ತಿದ್ದವು, ಅವನ್ನು ತಡೆಯಬಹುದಿತ್ತು. ಬಿಳಿ ಎಲ್‌ಇಡಿ ಎಲ್ಲ ಬಣ್ಣಗಳಲ್ಲೂ ಚೆಲ್ಲುತ್ತದೆ. ಆ ದುಡ್ಡನ್ನು ಊರಾಚೆ ಹೋಗುವ ಪೆಟ್ರೋಲಿಗೆ ಇಟ್ಟುಕೊಳ್ಳಿ. ಬಣ್ಣಬಣ್ಣದ ಗ್ರಹ ಫಿಲ್ಟರುಗಳ ಡಬ್ಬಿಯೂ ಸದ್ಯಕ್ಕೆ ಬೇಡ. ಚಂದ್ರನ ಫಿಲ್ಟರಂತೂ ವರ್ಧನೆ ಏರಿಸಿದರೆ ಬೇಕಾಗುವುದೇ ಇಲ್ಲ.

ಶಾಲೆಗಳಿಗಾಗಿ ಒಂದು ಪುಟದ ಖರೀದಿ ಸೂಚಿಯನ್ನು ಸಂಜೆಯೊಳಗೆ ಸಿದ್ಧಪಡಿಸುವುದು ಈ ಸಂಕಿರಣದಿಂದ ಆಗಬೇಕಾದ ಕೆಲಸ. ಕೊನೆಯದಾಗಿ ಒಂದು ವಿನಂತಿ. ಅಗ್ಗದ ದೂರದರ್ಶಕಗಳ ಜೊತೆ ಐಪೀಸಿಗೆ ಸಿಕ್ಕಿಸುವ ಕಪ್ಪು ಸೂರ್ಯ ಫಿಲ್ಟರ್ ಬರುವುದುಂಟು. ಒಟ್ಟುಗೂಡಿದ ಬಿಸಿಲಿನ ಕಾವಿಗೆ ಅದು ಕಣ್ಣಿನ ಮುಂದೆಯೇ ಬಿರುಕು ಬಿಡಬಹುದು. 2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗಿನಲ್ಲಿ ಕಂಕಣ ಗ್ರಹಣ ಕಂಡಾಗ ಇದ್ದ ಉತ್ಸಾಹ ಮುಂದಿನ ಗ್ರಹಣಕ್ಕೂ ಇರುತ್ತದೆ. ಸೂರ್ಯನಿಗೆ ಫಿಲ್ಟರ್ ಹಾಕುವುದಾದರೆ ಕೊಳವೆಯ ಮುಂಬಾಯಿಗೇ ಹಾಕಬೇಕು, ಬೆಳಕಿನ ಲಕ್ಷದಲ್ಲೊಂದು ಪಾಲನ್ನಷ್ಟೇ ಒಳಬಿಡುವಂಥದನ್ನು. ಆ ಕಪ್ಪು ಗಾಜು ನಿಮ್ಮ ಪೆಟ್ಟಿಗೆಯಲ್ಲಿದ್ದರೆ ಊಟದ ವಿರಾಮದೊಳಗೆ ನೋಂದಣಿ ಮೇಜಿಗೆ ತಂದುಕೊಡಿ. ವಾಪಸ್ಸು ಮಾತ್ರ ಕೇಳಬೇಡಿ.