ಊರಿಗೆ ಹೋಗ್ತೀನಿ ಅನ್ನೋದು ತಪ್ಪಾ?

ಇವತ್ತು 2020ರ ಮೇ 8. ಬೆಳಗಿನ ಜಾವ ಮಹಾರಾಷ್ಟ್ರದ ಔರಂಗಾಬಾದ್ ಹತ್ತಿರ ಗೂಡ್ಸ್ ರೈಲು ಹರಿದು 16 ಜನ ಕಾರ್ಮಿಕರು ಸತ್ತುಹೋದರು. ಜಾಲ್ನಾದ ಸ್ಟೀಲ್ ಕಾರ್ಖಾನೆಯಲ್ಲಿ ದುಡೀತಿದ್ದ ಮಧ್ಯಪ್ರದೇಶದವರು. ಊರಿನ ರೈಲು ಹಿಡಿಯೋಣ ಅಂತ ಹಳಿಗುಂಟ ನಡೆದು, ಸುಸ್ತಾಗಿ ಅಲ್ಲೇ ಮಲಗಿದ್ದರು. ಲಾಕ್‌ಡೌನ್‌ನಲ್ಲಿ ಯಾವ ರೈಲು ಬರುತ್ತೆ ಅಂದ್ಕೊಂಡಿರಬೇಕು. ಹಳಿ ಮೇಲೆ ಚೆಲ್ಲಿದ್ದ ರೊಟ್ಟಿಗಳನ್ನ ನಾವೂ ತೋರಿಸಿದ್ದೀವಿ, ನೀವೂ ನೋಡಿದ್ದೀರಿ.

‘ಹಳಿ ಮೇಲೆ ಯಾಕೆ ಮಲಗಬೇಕಿತ್ತು?’ ಅಂತ ಕೇಳೋರಿದ್ದಾರೆ. ಸ್ವಾಮಿ, ಅದಕ್ಕೂ ಮುಂಚಿನ ಪ್ರಶ್ನೆ ಬೇರೆ ಇದೆ. ಅವರು ಯಾಕೆ ನಡೀಬೇಕಿತ್ತು?

ಮಹಾರಾಷ್ಟ್ರದ ಕಡೆ ಬೆರಳು ತೋರಿಸೋ ಮೊದಲು ನಮ್ಮ ಮನೆ ನೋಡ್ಕೊಳ್ಳೋಣ. ಮೇ 5ರಂದು ಮುಖ್ಯಮಂತ್ರಿ ಯಡಿಯೂರಪ್ಪನವರು ಬಿಲ್ಡರ್‌ಗಳ ಜೊತೆ ಸಭೆ ಮಾಡಿದರು. ಅವತ್ತೇ ರೈಲ್ವೆಗೆ ಪತ್ರ ಹೋಯ್ತು, ನಾಳೆಯಿಂದ ಶ್ರಮಿಕ್ ರೈಲು ಬೇಡ ಅಂತ. ಕೆಲಸ ಶುರುವಾಗಿದೆ, ಕಾರ್ಮಿಕರು ಇಲ್ಲೇ ಇರಲಿ ಅನ್ನೋದು ಸರ್ಕಾರದ ಮಾತು. ಜನ ಛೀಮಾರಿ ಹಾಕಿದ ಮೇಲೆ ನಿನ್ನೆ ಮತ್ತೆ ರೈಲು ಬಿಡೋಕೆ ಒಪ್ಪಿದ್ದಾರೆ. ತಿದ್ದಿಕೊಂಡಿದ್ದು ಒಳ್ಳೇದೇ. ಆದರೆ ಆ ಪತ್ರ ಬರೆಯೋಕೆ ಕೈ ಹೇಗೆ ಬಂತು?

ನಾನು ಇಂಜಿನಿಯರಿಂಗ್ ಓದಿದವನು. ಕಟ್ಟಡದ ಎಸ್ಟಿಮೇಟ್‌ನಲ್ಲಿ ಸಿಮೆಂಟು, ಕಬ್ಬಿಣ, ಮರಳು, ಜಲ್ಲಿ ಬರೆದ ಮೇಲೆ ‘ಲೇಬರ್’ ಅಂತ ಒಂದು ಸಾಲು ಬರೀತೀವಿ. ಸಿಮೆಂಟು ಎಲ್ಲಿ ಇಳಿಸಿದರೆ ಅಲ್ಲೇ ಇರುತ್ತೆ. ಮನುಷ್ಯನೂ ಹಾಗೇ ಇರಬೇಕು ಅಂತ ಹೇಳಿದ ಪತ್ರ ಅದು.

ಇಲ್ಲೇ ಇರಿ ಅಂತೀರಲ್ಲ, ಹೇಗೆ ಇರೋದು? ಲಾಕ್‌ಡೌನ್ ಶುರುವಾಗಿ ಇವತ್ತಿಗೆ 45 ದಿನ. ದಿನಗೂಲಿಯವನಿಗೆ ಕೆಲಸ ಇಲ್ಲದ ದಿನ ಅಂದ್ರೆ ಕಾಸಿಲ್ಲದ ದಿನ. ಕೇಂದ್ರ ತಲೆಗೆ 5 ಕೆಜಿ ಧಾನ್ಯ ಪುಕ್ಕಟೆ ಕೊಡ್ತಿದೆ, ನಿಜ. ಕಾರ್ಡ್ ಊರಲ್ಲಿದೆ, ಹೊಟ್ಟೆ ಇಲ್ಲಿದೆ. ಪೂರ್ತಿ ಕೂಲಿ ಕೊಡಿ, ಒಂದು ತಿಂಗಳು ಬಾಡಿಗೆ ಕೇಳಬೇಡಿ ಅಂತ ಮಾರ್ಚ್ 29ರಂದೇ ಗೃಹ ಇಲಾಖೆ ಆದೇಶ ಮಾಡಿದೆ. ಮೇಸ್ತ್ರಿ ಫೋನ್ ಸ್ವಿಚ್ ಆಫ್ ಮಾಡಿಕೊಂಡ್ರೆ ಆ ಆದೇಶ ಹಿಡ್ಕೊಂಡು ಯಾರ ಮನೆ ಬಾಗಿಲು ತಟ್ಟಬೇಕು?

ಮೊನ್ನೆ ನಮ್ಮ ಸರ್ಕಾರ 1,610 ಕೋಟಿಯ ಪ್ಯಾಕೇಜ್ ಘೋಷಿಸಿತು. ಕ್ಷೌರಿಕರಿಗೆ, ಮಡಿವಾಳರಿಗೆ, ಆಟೋ, ಟ್ಯಾಕ್ಸಿ ಚಾಲಕರಿಗೆ 5,000 ರೂಪಾಯಿ. ಸ್ವಾಗತ. ಆದರೆ ಪಟ್ಟಿಯಲ್ಲಿ ಹೆಸರು ಇದ್ದವರಿಗೆ ಮಾತ್ರ ಪ್ಯಾಕೇಜ್ ಸಿಗುತ್ತೆ. ತಗಡಿನ ಶೆಡ್‌ನಲ್ಲಿ ಇರೋರ ಹೆಸರು ಯಾವ ಪಟ್ಟಿಯಲ್ಲಿದೆ?

ಇನ್ನೊಂದು ಮಾತು, ನಮಗೇ ಹೇಳ್ಕೊಳ್ಳೋದು. ‘ಮನೆಯಲ್ಲೇ ಇರಿ’ ಅಂತ ಈ ಕುರ್ಚಿಯಿಂದ ನೂರು ಸಲ ಹೇಳಿದ್ದೀನಿ. ಯಾರ ಮನೆ ಅಂತ ಒಂದು ಸಲವೂ ಕೇಳಲಿಲ್ಲ. ಹತ್ತು ಜನ ಒಂದೇ ಶೆಡ್‌ನಲ್ಲಿ ಮಲಗೋ ಕಡೆ ಅಂತರ ಎಲ್ಲಿಂದ ತರೋದು?

ಸರ್ಕಾರಕ್ಕೆ ಕೇಳೋದು ಮೂರೇ. ಹೋಗೋರಿಗೆ ಟಿಕೆಟ್ ಕಾಸು ಕೇಳದೆ ರೈಲು ಬಿಡಿ. ಇರೋರಿಗೆ ಕಾರ್ಡ್ ಕೇಳದೆ ರೇಷನ್ ಕೊಡಿ. ಬಾಕಿ ಕೂಲಿಯನ್ನ ಅವರು ರೈಲು ಹತ್ತೋ ಮುಂಚೆ ಕೊಡಿಸಿ. ಹೀಗೆ ಮಾಡಿದರೆ ಹೋದವರು ನಾಳೆ ತಾವಾಗೇ ವಾಪಸ್ ಬರ್ತಾರೆ. ಕಟ್ಟಿಹಾಕಿದರೆ ಹಳಿ ಹಿಡಿದು ನಡೀತಾರೆ.